ಹಾಸ್ಯಕಥೆಯೂ ಚಲಚ್ಚಿತ್ರವೂ

ಪ್ರಿಯವಾದ ಗ್ರಂಥವೊಂದು ಚಲಚ್ಚಿತ್ರವಾಗಿ ಬರುವುದೆಂಬ ವಾರ್ತೆಯನ್ನು ಕೇಳಿದಾಗ ಓದುಗನ ಮನಸ್ಸಿನಲ್ಲಿ ಹರ್ಷವೂ ಶಂಕೆಯೂ ಏಕಕಾಲದಲ್ಲಿ ಹುಟ್ಟುತ್ತವೆ. ತಾನು ಒಬ್ಬನೇ ಕುಳಿತು ಅನುಭವಿಸಿದ ಸುಖವು ಇನ್ನು ಸಾವಿರಾರು ಮಂದಿಗೆ ದೊರೆಯುವುದೆಂಬುದು ಹರ್ಷಕ್ಕೆ ಕಾರಣ. ಆ ಸುಖವು ಕೈತಪ್ಪಿ ಬೇರೊಂದು ರೂಪವನ್ನು ತಾಳಬಹುದೆಂಬುದು ಶಂಕೆಗೆ ಕಾರಣ. ಮಗಳನ್ನು ಧಾರೆಯೆರೆದು ಕೊಡುವ ಗೃಹಸ್ಥನ ಮನಸ್ಸಿಗೂ ಇದಕ್ಕೂ ಹೆಚ್ಚಿನ ಭೇದವಿಲ್ಲ. ಚಿತ್ರವು ಬಂದ ಮೇಲೆ ಈ ಎರಡು ಭಾವಗಳೂ ಎರಡು ಪಕ್ಷಗಳಾಗಿ ಒಡೆದು ನಿಲ್ಲುತ್ತವೆ. ಗ್ರಂಥವನ್ನು ಕೆಡಿಸಿದರೆಂದು ಒಂದು ಪಕ್ಷವು ಹೇಳುತ್ತದೆ. ಗ್ರಂಥವನ್ನು ಕಣ್ಣಿನಿಂದಲೂ ನೋಡದವರು ಆನಂದಪಟ್ಟರು, ಇದಕ್ಕಿಂತ ಹೆಚ್ಚಿನದೇನು ಬೇಕೆಂದು ಮತ್ತೊಂದು ಪಕ್ಷವು ಹೇಳುತ್ತದೆ.

ಈ ವಿವಾದವು ಗಂಭೀರವಾದ ಕಾದಂಬರಿಗಳ ವಿಷಯದಲ್ಲಿಯೂ ಉಂಟು. ೧೯೭೨ರಲ್ಲಿ ಶ್ರೀ ಪುಟ್ಟಣ್ಣ ಕಣಗಾಲರು 'ನಾಗರಹಾವು' ಚಿತ್ರವನ್ನು ನಿರ್ದೇಶಿಸಿದಾಗ ಮೂಲಕಾದಂಬರಿಕಾರರಾದ ಶ್ರೀ ತ.ರಾ.ಸು. ಅವರು ಅದನ್ನು ಒಪ್ಪದೆ, ಇದು ನಾಗರಹಾವಲ್ಲ ಕೇರೆಹಾವು ಎಂದರೆಂಬ ಮಾತು ಇಂದಿಗೂ ಜನರ ಬಾಯಲ್ಲಿದೆ. ಜನರು ಆ ಚಿತ್ರವನ್ನು ಮುಗಿಬಿದ್ದು ನೋಡಿದರೆಂಬುದೂ ಅಷ್ಟೇ ಪ್ರಸಿದ್ಧವಾದ ಸಂಗತಿ. ಆದರೆ ಹಾಸ್ಯಪ್ರಧಾನವಾದ ಗ್ರಂಥಗಳ ವಿಷಯದಲ್ಲಿ, ಅವುಗಳಲ್ಲಿಯೂ ವಿಜ್ಞಾನದ ಕುತೂಹಲವನ್ನು ವಿನೋದದೊಡನೆ ಬೆಸೆದಿರುವ ಗ್ರಂಥಗಳ ವಿಷಯದಲ್ಲಿ, ಈ ಅಸಮಾಧಾನವು ಇನ್ನೂ ಸೂಕ್ಷ್ಮವಾದ ರೂಪವನ್ನು ತಾಳುತ್ತದೆ. ಗಂಭೀರವಾದ ಕಥೆಯು ಕೆಟ್ಟರೆ ಎಲ್ಲಿ ಕೆಟ್ಟಿತೆಂದು ಬೆರಳಿಟ್ಟು ತೋರಿಸಬಹುದು. ವಿನೋದವು ಕೆಟ್ಟರೆ, ಕಥೆಯ ಸಂಗತಿಗಳೆಲ್ಲವೂ ಯಥಾಸ್ಥಾನದಲ್ಲಿದ್ದರೂ ನಗೆ ಮಾತ್ರ ಬಾರದು. ಬಂದರೂ ಅದು ಹಿಂದಿನ ನಗೆಯಾಗಿರದು. ಕಳೆದುಹೋದ ವಸ್ತುವಿನ ಹೆಸರನ್ನೇ ಹೇಳಲಾರದವನಂತೆ ಓದುಗನು ತೊಳಲುತ್ತಾನೆ. ಆ ವಸ್ತು ಯಾವುದೆಂಬುದನ್ನು ನಿಶ್ಚಯಿಸುವುದೇ ಇಲ್ಲಿಯ ವಿಚಾರ.

ಕನ್ನಡದಲ್ಲಿ ಇದಕ್ಕೆ ಅತ್ಯುತ್ತಮವಾದ ನಿದರ್ಶನವೆಂದರೆ ಶ್ರೀ ಪೂರ್ಣಚಂದ್ರ ತೇಜಸ್ವಿಯವರ (೧೯೩೮–೨೦೦೭) ಕೃತಿಗಳು. ೧೯೮೦ರಲ್ಲಿ ಪ್ರಕಟವಾದ 'ಕರ್ವಾಲೊ' ಕಾದಂಬರಿಯಲ್ಲಿ, ಮೂಡಿಗೆರೆಯ ಕಡೆಯ ಕಾಡಿನಲ್ಲಿ ಹಾರುವ ಓತಿಯನ್ನು ಹುಡುಕಿಹೊರಟ ವಿಜ್ಞಾನಿಯೊಬ್ಬನ ಕಥೆಯನ್ನು ಅವರು ಹೇಳಿದ ರೀತಿಯಲ್ಲಿ ಜೀವವಿಕಾಸದ ಗಹನವಾದ ಪ್ರಶ್ನೆಯೂ ಹಳ್ಳಿಯ ನಿತ್ಯಜೀವನದ ವಿನೋದವೂ ಒಂದೇ ಪಾತ್ರೆಯಲ್ಲಿ ಕುದಿದಿವೆ. ಅವರ ಕಥೆಗಳು ಅರ್ಧಶತಮಾನದಿಂದ ಚಿತ್ರಗಳಾಗುತ್ತಲೇ ಬಂದಿವೆ. ೧೯೭೩ರಲ್ಲಿ ಶ್ರೀ ಎನ್. ಲಕ್ಷ್ಮೀನಾರಾಯಣರು 'ಅಬಚೂರಿನ ಪೋಸ್ಟಾಫೀಸು' ಕಥೆಯನ್ನು ತೆರೆಗೆ ತಂದರು. ಶ್ರೀ ಗಿರೀಶ ಕಾಸರವಳ್ಳಿಯವರ 'ತಬರನ ಕಥೆ'ಯು ೧೯೮೬ನೆಯ ವರ್ಷದ ಸರ್ವೋತ್ತಮ ಭಾರತೀಯ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯನ್ನು ಪಡೆಯಿತು. ತಬರನ ಪಾತ್ರವನ್ನು ವಹಿಸಿದ ಶ್ರೀ ಚಾರುಹಾಸನ್ ಅವರಿಗೆ ಉತ್ತಮ ನಟರೆಂಬ ಪ್ರಶಸ್ತಿಯು ಬಂದಿತು. ೨೦೧೬ರಲ್ಲಿ ಶ್ರೀಮತಿ ಸುಮನಾ ಕಿತ್ತೂರರು 'ಕಿರಗೂರಿನ ಗಯ್ಯಾಳಿಗಳು' ನೀಳ್ಗತೆಯನ್ನು ಚಿತ್ರಿಸಿದರು. ೨೦೨೩ರ ಮೇ ತಿಂಗಳಲ್ಲಿ ಶ್ರೀ ಶಶಾಂಕ ಸೋಗಾಲರ 'ಡೇರ್‌ಡೆವಿಲ್ ಮುಸ್ತಾಫಾ' ಬಂದಿತು. ಈ ಕೊನೆಯ ಚಿತ್ರಕ್ಕೆ ಹಣವನ್ನು ಕೂಡಿಸಿದವರು ತೇಜಸ್ವಿಯವರ ನೂರರಷ್ಟು ಮಂದಿ ಅಭಿಮಾನಿಗಳೇ ಆಗಿದ್ದರೆಂಬುದು ವಿಶೇಷ. ಇಲ್ಲಿ ಓದುಗರೇ ಚಿತ್ರದ ಯಜಮಾನರಾದರು. ಆದರೂ ಓದುಗರ ಅಸಮಾಧಾನವು ಸಂಪೂರ್ಣವಾಗಿ ತಪ್ಪಲಿಲ್ಲವೆಂದ ಮೇಲೆ, ಅದರ ಮೂಲವು ಹಣದಲ್ಲಿಯಾಗಲಿ ಭಕ್ತಿಯ ಕೊರತೆಯಲ್ಲಿಯಾಗಲಿ ಇಲ್ಲವೆಂಬುದು ಸ್ಪಷ್ಟವಾಗುತ್ತದೆ.

ಈ ಕೃತಿಗಳಿಗೂ ಚಿಕ್ಕಬಳ್ಳಾಪುರ ಸೀಮೆಯ ಓದುಗರಿಗೂ ಇರುವ ಸಂಬಂಧವು ಒಂದು ವಿಧದಲ್ಲಿ ವಿಲಕ್ಷಣವಾದುದು. ೨೦೦೭ರಲ್ಲಿ ಕೋಲಾರದಿಂದ ಬೇರ್ಪಟ್ಟ ಈ ಜಿಲ್ಲೆಯು ಬಯಲುಸೀಮೆ. ಇಲ್ಲಿ ಕೆರೆಯ ನೀರನ್ನು ನಂಬಿ ರಾಗಿಯನ್ನೂ ಹಿಪ್ಪುನೇರಳೆಯನ್ನೂ ಬೆಳೆದು ಬಾಳಿದ ಮನೆತನಗಳವರು ಮಲೆನಾಡಿನ ಜಡಿಮಳೆಯನ್ನೂ ಏಲಕ್ಕಿಯ ಕಾಡನ್ನೂ ಪುಸ್ತಕದಲ್ಲಿಯೇ ಮೊದಲು ಕಂಡವರು. ಮೂಡಿಗೆರೆಯವನಿಗೆ ತೇಜಸ್ವಿಯವರ ಕಾಡು ಮನೆಯ ಹಿತ್ತಲು. ಶಿಡ್ಲಘಟ್ಟದ ಓದುಗನಿಗೆ ಅದು ಅಕ್ಷರಗಳಿಂದ ತಾನೇ ಬೆಳೆಸಿಕೊಂಡ ಕಾಡು. ಆ ಕಾಡಿನ ಒಂದೊಂದು ಮರವೂ ಅವನ ಸ್ವಂತ ದುಡಿಮೆಯ ಫಲ. ಚಿತ್ರವು ಬಂದು ನಿಜವಾದ ಕಾಡನ್ನು ತೋರಿಸಿದಾಗ ಅವನಿಗೆ ಲಾಭವೂ ಆಗುತ್ತದೆ, ನಷ್ಟವೂ ಆಗುತ್ತದೆ. ಇನ್ನು ವಿಜ್ಞಾನದ ವಿಷಯಕ್ಕೆ ಬಂದರೆ, ಗೌರಿಬಿದನೂರಿನ ಸಮೀಪದಲ್ಲಿ ಸಾವಿರ ತಂತುಗಳನ್ನು ಸಾಲಾಗಿ ನೆಟ್ಟು ನಕ್ಷತ್ರಲೋಕದ ರೇಡಿಯೋ ಅಲೆಗಳನ್ನು ಆಲಿಸುವ ದೂರದರ್ಶಕವನ್ನು ೧೯೭೦ರ ದಶಕದಲ್ಲಿ ವಿಜ್ಞಾನಿಗಳು ಕಟ್ಟಿದರು. ಹೊಲದ ಬದುವಿನಲ್ಲಿ ನಿಂತು ಬ್ರಹ್ಮಾಂಡದ ಸದ್ದಿಗೆ ಕಿವಿಗೊಡುವುದೆಂಬುದು ತೇಜಸ್ವಿಯವರೇ ಬರೆಯಬಹುದಾಗಿದ್ದ ಸನ್ನಿವೇಶ. ಆದುದರಿಂದ ಹಳ್ಳಿಯ ನಡುವೆ ವಿಜ್ಞಾನವು ಬಂದು ಕುಳಿತಾಗ ಹುಟ್ಟುವ ವಿನೋದವು ಈ ಸೀಮೆಯವರಿಗೆ ಅಪರಿಚಿತವಲ್ಲ.

ಓದುಗರ ಆಕ್ಷೇಪಗಳನ್ನು ವಿಂಗಡಿಸಿ ನೋಡಿದರೆ ಅವು ಮೂರು ವಿಧವಾಗಿವೆ. ಮೂಲದಲ್ಲಿದ್ದುದನ್ನು ಬಿಟ್ಟರು, ಇಲ್ಲದುದನ್ನು ಸೇರಿಸಿದರು ಎಂಬುದು ಮೊದಲನೆಯದು. ಪಾತ್ರಗಳ ಮುಖವೂ ಮಾತೂ ತಾವು ಎಣಿಸಿಕೊಂಡಂತೆ ಇಲ್ಲವೆಂಬುದು ಎರಡನೆಯದು. ನಗೆಯ ಗುಣವೇ ಬೇರೆಯಾಯಿತೆಂಬುದು ಮೂರನೆಯದು. ಮೊದಲಿನ ಎರಡು ಆಕ್ಷೇಪಗಳು ಜೋರಾಗಿ ಕೇಳಿಬರುತ್ತವೆ. ಮೂರನೆಯದು ಮೆಲ್ಲನೆ ಕೇಳಿಬರುತ್ತದೆ. ನ್ಯಾಯವಾಗಿ ತೂಗಿದರೆ ಮೂರನೆಯದರಲ್ಲಿಯೇ ತೂಕವಿದೆ.

ಮೊದಲನೆಯ ಆಕ್ಷೇಪಕ್ಕೆ ಭಾರತೀಯ ಕಾವ್ಯಮೀಮಾಂಸೆಯು ಸಾವಿರ ವರ್ಷಗಳ ಹಿಂದೆಯೇ ಉತ್ತರವನ್ನು ಕೊಟ್ಟಿದೆ. ಇತಿಹಾಸಾದಿಗಳಿಂದ ಕಥೆಯನ್ನು ತೆಗೆದುಕೊಂಡ ಕವಿಯು ರಸಕ್ಕೆ ಅನನುಕೂಲವಾದ ಭಾಗವನ್ನು ಬಿಟ್ಟು, ಅನುಕೂಲವಾದುದನ್ನು ತಾನೇ ಕಲ್ಪಿಸಿಕೊಳ್ಳಬೇಕೆಂಬುದು ಧ್ವನ್ಯಾಲೋಕದಲ್ಲಿ ಆನಂದವರ್ಧನನ ಮತ. ಕಥೆಯನ್ನು ಇದ್ದಂತೆ ಒಪ್ಪಿಸುವುದರಿಂದ ಕವಿಗೆ ಪ್ರಯೋಜನವಿಲ್ಲ. ಆ ಕಾರ್ಯವು ಇತಿಹಾಸದಿಂದಲೇ ನಡೆದುಹೋಗಿರುತ್ತದೆ. ಮಹಾಭಾರತದ ಶಕುಂತಲೋಪಾಖ್ಯಾನದಲ್ಲಿ ದುರ್ವಾಸನ ಶಾಪವಿಲ್ಲ, ಉಂಗುರದ ಪ್ರಸಂಗವೂ ಇಲ್ಲ. ಅವೆರಡನ್ನೂ ತೆಗೆದುಹಾಕಿದರೆ ಕಾಳಿದಾಸನ ನಾಟಕವು ನಿಲ್ಲಲಾರದು. ವಾಲ್ಮೀಕಿಯ ಉತ್ತರಕಾಂಡದಲ್ಲಿ ಭೂಮಿಯನ್ನು ಸೇರುವ ಸೀತೆಯನ್ನು ಭವಭೂತಿಯು ರಾಮನೊಡನೆ ಕೂಡಿಸಿದನು. ಪಂಪನು ದ್ರೌಪದಿಯನ್ನು ಅರ್ಜುನನೊಬ್ಬನಿಗೇ ಪತ್ನಿಯನ್ನಾಗಿ ಮಾಡಿದನು. ಇವರನ್ನು ಮೂಲವನ್ನು ಕೆಡಿಸಿದವರೆಂದು ಯಾವ ಸಹೃದಯನೂ ದೂರಲಿಲ್ಲ. ಚಿತ್ರನಿರ್ಮಾಪಕನಿಗೆ ಮಾತ್ರ ಈ ಸ್ವಾತಂತ್ರ್ಯವನ್ನು ನಿರಾಕರಿಸುವುದು ನ್ಯಾಯವಾಗಲಾರದು. ಕೆಲವೇ ಪುಟಗಳ 'ಡೇರ್‌ಡೆವಿಲ್ ಮುಸ್ತಾಫಾ' ಕಥೆಯು ಎರಡು ಗಂಟೆಗೂ ಮೀರಿದ ಚಿತ್ರವಾಗಬೇಕಾದರೆ ಸೇರಿಸದೆ ಗತ್ಯಂತರವೇ ಇರಲಿಲ್ಲ.

ಈ ಮಾತಿಗೆ ಪರದೇಶದಿಂದಲೂ ಒಂದು ದೃಷ್ಟಾಂತವನ್ನು ತೆಗೆದುಕೊಳ್ಳಬಹುದು. ಇಂಗ್ಲೆಂಡಿನ ಡಗ್ಲಸ್ ಆಡಮ್ಸ್ ಎಂಬ ಲೇಖಕನ 'ದಿ ಹಿಚ್‌ಹೈಕರ್ಸ್ ಗೈಡ್ ಟು ದಿ ಗ್ಯಾಲಕ್ಸಿ' ಎಂಬುದು ವಿಜ್ಞಾನವಿನೋದದ ಗ್ರಂಥಗಳಲ್ಲಿ ಅಗ್ರಗಣ್ಯವಾದುದು. ಒಬ್ಬ ಸಾಮಾನ್ಯ ಗೃಹಸ್ಥನ ಮನೆಯನ್ನು ರಸ್ತೆಗಾಗಿ ಕೆಡವಲು ಬರುತ್ತಾರೆ. ಅದೇ ದಿನ ಅಂತರಿಕ್ಷಮಾರ್ಗವೊಂದಕ್ಕಾಗಿ ಭೂಮಂಡಲವನ್ನೇ ಕೆಡವಿಬಿಡುತ್ತಾರೆ. ಎರಡು ಕಡೆಯಲ್ಲಿಯೂ ಅಧಿಕಾರಿಗಳ ಉತ್ತರವು ಒಂದೇ: ಪ್ರಕಟಣೆಯನ್ನು ಹಿಂದೆಯೇ ಹೊರಡಿಸಿತ್ತು, ನೀವು ನೋಡಿಕೊಳ್ಳಬೇಕಾಗಿತ್ತು. ತಾಲ್ಲೂಕು ಕಚೇರಿಯ ಗೋಡೆಯ ಮೇಲೆ ಭೂಸ್ವಾಧೀನದ ನೋಟೀಸನ್ನು ಹುಡುಕಿದವರಿಗೆ ಈ ವಿನೋದವು ಪರಕೀಯವೆನ್ನಿಸದು. ಇದು ೧೯೭೮ರಲ್ಲಿ ಬಿ.ಬಿ.ಸಿ. ರೇಡಿಯೋ ನಾಟಕವಾಗಿ ಹುಟ್ಟಿ, ೧೯೭೯ರಲ್ಲಿ ಕಾದಂಬರಿಯಾಗಿ, ೧೯೮೧ರಲ್ಲಿ ದೂರದರ್ಶನದ ಧಾರಾವಾಹಿಯಾಗಿ, ೨೦೦೫ರಲ್ಲಿ ಚಲಚ್ಚಿತ್ರವಾಗಿ ಬಂದಿತು. ಪ್ರತಿಯೊಂದು ರೂಪದಲ್ಲಿಯೂ ಆಡಮ್ಸನು ತಾನೇ ಕಥೆಯನ್ನು ಬದಲಾಯಿಸಿದನು. ಚಿತ್ರವು ಬಂದಾಗ ಅಭಿಮಾನಿಗಳಲ್ಲಿ ಕೆಲವರು ಹೊಸ ಪಾತ್ರವೊಂದನ್ನು ತುರುಕಿದರೆಂದು ಸಿಟ್ಟಾದರು. ಆ ಪಾತ್ರವನ್ನು ಚಿತ್ರಕ್ಕಾಗಿಯೇ ಕಲ್ಪಿಸಿದವನು ೨೦೦೧ರಲ್ಲಿ ತೀರಿಕೊಂಡ ಆಡಮ್ಸನೇ ಆಗಿದ್ದನು. ಕರ್ತೃವಿನ ಕೈಯಿಂದ ಕರ್ತೃವಿನ ಗ್ರಂಥವನ್ನು ರಕ್ಷಿಸಹೊರಟ ಈ ಭಕ್ತಿಯು ತಾನೇ ಒಂದು ವಿನೋದವಾಯಿತು.

ಆದರೆ ಅದೇ ಅಭಿಮಾನಿಗಳು ಇನ್ನೊಂದು ಮಾತನ್ನೂ ಹೇಳಿದರು, ಅದನ್ನು ತಳ್ಳಿಹಾಕುವಂತಿಲ್ಲ. ಚಿತ್ರದಲ್ಲಿ ವಿನೋದದ ಮಾತುಗಳನ್ನು ಮೊಟಕುಗೊಳಿಸಿದರೆಂಬುದೇ ಆ ಆಕ್ಷೇಪ. ಸಂಗತಿಯು ಉಳಿದಿತ್ತು, ಅದನ್ನು ಎಳೆದು, ತಿರುಗಿಸಿ, ಅತ್ಯಂತ ಗಂಭೀರವಾದ ಧ್ವನಿಯಲ್ಲಿ ಅತ್ಯಂತ ಅಸಂಬದ್ಧವಾದುದನ್ನು ಹೇಳುವ ಕ್ರಮವು ಕುಗ್ಗಿತ್ತು. ಇಲ್ಲಿ ಪ್ರಶ್ನೆಯು ತನ್ನ ನಿಜವಾದ ಸ್ಥಾನಕ್ಕೆ ಬರುತ್ತದೆ. ಹಾಸ್ಯಕಥೆಯಲ್ಲಿ ಹಾಸ್ಯವು ಎಲ್ಲಿ ನೆಲೆಸಿದೆ? ನಡೆದ ಸಂಗತಿಯಲ್ಲಿಯೋ, ಹೇಳುವವನ ಧ್ವನಿಯಲ್ಲಿಯೋ? ಸಂಗತಿಯಲ್ಲಿಯೇ ಇದ್ದಿದ್ದರೆ ಚಿತ್ರಕ್ಕೆ ಏನೂ ಕಷ್ಟವಿರುತ್ತಿರಲಿಲ್ಲ. ಸಂಗತಿಯನ್ನು ತೋರಿಸುವುದರಲ್ಲಿ ಅದಕ್ಕೆ ಸಮಾನವಾದ ಸಾಧನವಿಲ್ಲ. ಉತ್ತಮವಾದ ಹಾಸ್ಯವು ಧ್ವನಿಯಲ್ಲಿ ಇರುವುದರಿಂದಲೇ ಇಷ್ಟೆಲ್ಲ ತೊಡಕು.

'ಕರ್ವಾಲೊ'ವನ್ನೇ ನೋಡಬಹುದು. ಮಂದಣ್ಣನೆಂಬ ಹಳ್ಳಿಯ ಯುವಕನನ್ನು ಕಥೆಯ ನಿರೂಪಕನು ಮೊದಲು ಅಬ್ಬೇಪಾರಿಯೆಂದೇ ಎಣಿಸುತ್ತಾನೆ. ಓದುಗನೂ ಹಾಗೆಯೇ ಎಣಿಸಿ ನಗುತ್ತಾನೆ. ಮಹಾವಿದ್ವಾಂಸನಾದ ಕರ್ವಾಲೊ ಮಾತ್ರ ಆ ಮಂದಣ್ಣನಲ್ಲಿ ಪ್ರಕೃತಿಯನ್ನು ನೋಡಬಲ್ಲ ಅಪೂರ್ವವಾದ ಕಣ್ಣನ್ನು ಗುರುತಿಸಿ, ಅವನನ್ನು ಸಹಕಾರಿಯಂತೆ ನಡೆಸಿಕೊಳ್ಳುತ್ತಾನೆ. ಆಗ ನಗೆಯು ದಿಕ್ಕನ್ನು ಬದಲಿಸಿ ನಿರೂಪಕನ ಕಡೆಗೂ, ಅವನೊಡನೆ ನಕ್ಕ ಓದುಗನ ಕಡೆಗೂ ತಿರುಗುತ್ತದೆ. ನಾಟ್ಯಶಾಸ್ತ್ರದಲ್ಲಿ ಭರತಮುನಿಯು ಹಾಸ್ಯವನ್ನು ಆತ್ಮಸ್ಥವೆಂದೂ ಪರಸ್ಥವೆಂದೂ ಎರಡಾಗಿ ವಿಭಾಗಿಸಿದನು. ತಾನೇ ನಗುವುದು ಆತ್ಮಸ್ಥ, ಪರರನ್ನು ನಗಿಸುವುದು ಪರಸ್ಥ. ಈ ಹೆಸರುಗಳನ್ನು ಸ್ವಲ್ಪ ವಿಸ್ತರಿಸಿ ಹೇಳುವುದಾದರೆ, ತೇಜಸ್ವಿಯವರ ಹಾಸ್ಯವು ಪರರನ್ನು ನೋಡಿ ನಕ್ಕಂತೆ ಆರಂಭವಾಗಿ ತನ್ನನ್ನೇ ನೋಡಿ ನಗುವುದರಲ್ಲಿ ಮುಗಿಯುತ್ತದೆ. ಈ ತಿರುವು ನಡೆಯುವುದು ನಿರೂಪಕನ ಧ್ವನಿಯಲ್ಲಿ. ಆ ಧ್ವನಿಯನ್ನು ಕಿತ್ತುಹಾಕಿ ಮಂದಣ್ಣನ ಚೇಷ್ಟೆಯನ್ನು ಮಾತ್ರ ತೋರಿಸಿದರೆ ಉಳಿಯುವುದು ಹಳ್ಳಿಯವನ ಪರಿಹಾಸ್ಯ.

ಭರತನು ಹೇಳಿದ ಇನ್ನೊಂದು ವಿಭಾಗವೂ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಸ್ಮಿತ, ಹಸಿತ, ವಿಹಸಿತ, ಉಪಹಸಿತ, ಅಪಹಸಿತ, ಅತಿಹಸಿತ ಎಂದು ನಗೆಯು ಆರು ಬಗೆ. ಹಲ್ಲು ಕಾಣದ ಮುಗುಳುನಗೆಯಿಂದ ಹಿಡಿದು, ಕಣ್ಣೀರು ಬಂದು ಪಕ್ಕೆಗಳನ್ನು ಹಿಡಿದುಕೊಳ್ಳುವ ಅಟ್ಟಹಾಸದವರೆಗೆ ಈ ಶ್ರೇಣಿಯು ಹಬ್ಬಿದೆ. ಪುಸ್ತಕವನ್ನು ಓದುವವನು ಏಕಾಂತದಲ್ಲಿರುತ್ತಾನೆ. ಏಕಾಂತಕ್ಕೆ ಸ್ಮಿತವೇ ಸಹಜವಾದುದು. ಮನೆಯವರು ಮಲಗಿದ ಮೇಲೆ ದೀಪದಡಿಯಲ್ಲಿ ಓದುತ್ತ ಮುಗುಳುನಕ್ಕವನು ಯಾರಿಗೂ ಲೆಕ್ಕವನ್ನು ಒಪ್ಪಿಸಬೇಕಾಗಿಲ್ಲ. ಚಿತ್ರಮಂದಿರದಲ್ಲಿ ನೂರಾರು ಮಂದಿ ಒಟ್ಟಿಗೆ ಕುಳಿತಿರುತ್ತಾರೆ. ಒಬ್ಬನ ಸ್ಮಿತವು ಪಕ್ಕದವನಿಗೆ ಕಾಣುವುದಿಲ್ಲ. ಗಟ್ಟಿಯಾದ ನಗೆಯು ಹಬ್ಬುತ್ತದೆ. ಹಬ್ಬುವ ನಗೆಯನ್ನೇ ನಿರ್ಮಾಪಕನು ಬಯಸುವುದು ಅವನ ವೃತ್ತಿಗೆ ಸಹಜ. ಹೀಗಾಗಿ ಸ್ಮಿತಕ್ಕೆಂದು ಬರೆದ ಮಾತು ಅಪಹಸಿತಕ್ಕೆ ಏರುತ್ತದೆ. ಇದರಲ್ಲಿ ಯಾರ ದುರುದ್ದೇಶವೂ ಇಲ್ಲ. ಪಾತ್ರೆಯು ದೊಡ್ಡದಾದಾಗ ಉಪ್ಪನ್ನು ಹೆಚ್ಚಾಗಿ ಹಾಕುವಂತೆ ಇದು ನಡೆಯುತ್ತದೆ. ಆದರೆ ಎಷ್ಟು ಹೆಚ್ಚೆಂಬುದು ಔಚಿತ್ಯದ ಪ್ರಶ್ನೆ. ಔಚಿತ್ಯವೇ ರಸದ ಜೀವಿತವೆಂದು ಕ್ಷೇಮೇಂದ್ರನು ಸುಮ್ಮನೆ ಹೇಳಲಿಲ್ಲ.

ಇಲ್ಲಿ ಗಮನಿಸತಕ್ಕ ಸಂಗತಿಯೊಂದಿದೆ. 'ತಬರನ ಕಥೆ'ಯ ಮೂಲದಲ್ಲಿ ಕಟುವಾದ ಒಂದು ವಿನೋದವು ಆದ್ಯಂತವಾಗಿ ಹರಿದಿದೆ. ಸರಕಾರದ ಮೇಲೆ ಅಚಲವಾದ ನಂಬಿಕೆಯಿದ್ದ ಸಣ್ಣ ನೌಕರನೊಬ್ಬನು ನಿವೃತ್ತನಾಗಿ, ತನ್ನ ವಿಶ್ರಾಂತಿವೇತನದ ಕಾಗದಪತ್ರಗಳಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುವಾಗ, ಕಚೇರಿಯ ನಿಯಮಗಳು ತಮ್ಮಷ್ಟಕ್ಕೆ ತಾವು ಎಷ್ಟು ಯುಕ್ತವಾಗಿ ತೋರುತ್ತವೆಂಬುದೇ ಆ ವಿನೋದದ ಮರ್ಮ. ಶ್ರೀ ಕಾಸರವಳ್ಳಿಯವರು ಅದನ್ನು ಬಹುಮಟ್ಟಿಗೆ ಕರುಣರಸಕ್ಕೆ ತಿರುಗಿಸಿದರು. ಇದೂ ಮೂಲದಿಂದ ದೂರವಾದುದೇ. ಆದರೂ ಓದುಗರು ಅದನ್ನು ಶಿರಸಾವಹಿಸಿದರು, ದೇಶವು ಪ್ರಶಸ್ತಿಯನ್ನು ಕೊಟ್ಟಿತು. ನಗೆಯು ಕಣ್ಣೀರಾದರೆ ಓದುಗನು ಕ್ಷಮಿಸುತ್ತಾನೆ. ಮುಗುಳುನಗೆಯು ಅಟ್ಟಹಾಸವಾದರೆ ಕ್ಷಮಿಸಲಾರನು. ಇದಕ್ಕೆ ಕಾರಣವನ್ನು ಊಹಿಸುವುದು ಕಷ್ಟವಲ್ಲ. ಕರುಣದಲ್ಲಿ ತಬರನ ಮರ್ಯಾದೆಯು ಉಳಿಯುತ್ತದೆ, ಬಹುಶಃ ಹೆಚ್ಚುತ್ತದೆ. ಅಟ್ಟಹಾಸದಲ್ಲಿ ಪಾತ್ರದ ಮರ್ಯಾದೆಯು ಹೋಗುತ್ತದೆ. ಓದುಗನು ನಿಜವಾಗಿ ಕಾಯುತ್ತಿರುವುದು ಕಥೆಯ ಸಂಗತಿಗಳನ್ನಲ್ಲವೆಂದೂ, ಪಾತ್ರಗಳ ಮರ್ಯಾದೆಯನ್ನೆಂದೂ ಇದರಿಂದ ಸಿದ್ಧವಾಗುತ್ತದೆ. ಅವನು ಆಡುವ ದೂರು ಸಂಗತಿಗಳ ವಿಷಯವಾಗಿದ್ದರೂ ಅವನ ನೋವು ಮರ್ಯಾದೆಯ ವಿಷಯವಾದುದು.

ಈ ಅಳತೆಗೋಲನ್ನು ಹಿಡಿದು ಈಚಿನ ಎರಡು ಚಿತ್ರಗಳನ್ನು ಪರೀಕ್ಷಿಸಬಹುದು. 'ಕಿರಗೂರಿನ ಗಯ್ಯಾಳಿಗಳು' ನೀಳ್ಗತೆಯಲ್ಲಿ ಹಳ್ಳಿಯ ಹೆಂಗಸರು ಗಂಡಸರ ಕುಡಿತಕ್ಕೂ ಜಗಳಕ್ಕೂ ವಿರುದ್ಧವಾಗಿ ಎದ್ದುನಿಲ್ಲುವ ವೃತ್ತಾಂತವನ್ನು ಲೇಖಕರು ಯುದ್ಧದ ವರದಿಯನ್ನು ಒಪ್ಪಿಸುವವರಂತೆ ನಿರ್ವಿಕಾರವಾಗಿ ಹೇಳುತ್ತಾರೆ. ಹೆಂಗಸರ ಬೈಗುಳವು ಆ ನಿರ್ವಿಕಾರವಾದ ವಾಕ್ಯಗಳ ನಡುವೆ ಮಿಂಚಿನಂತೆ ಹೊಳೆದು ಮರೆಯಾಗುತ್ತದೆ. ತೆರೆಯ ಮೇಲೆ ಆ ಕಟ್ಟು ಇಲ್ಲದುದರಿಂದ ಬೈಗುಳವೇ ಮುಂದೆ ನಿಲ್ಲುತ್ತದೆ. ಅದಕ್ಕೆ ಜನರು ನಗುವಾಗ ಆ ಹೆಂಗಸರ ಧೈರ್ಯಕ್ಕೆ ನಕ್ಕರೋ ಅವರ ಬಾಯಿಗೆ ನಕ್ಕರೋ ಎಂಬ ಸಂದೇಹವು ಉಳಿಯುತ್ತದೆ. ಆದರೆ ಚಿತ್ರದ ಗುಣವನ್ನು ಮರೆಮಾಚುವುದು ಸರಿಯಲ್ಲ. ಪುಸ್ತಕದಲ್ಲಿ ನಿರೂಪಕನ ಮಾತಿನ ಹಿಂದೆ ಇದ್ದ ಆ ಹೆಂಗಸರು ಇಲ್ಲಿ ಶರೀರವನ್ನು ಪಡೆದು ಎದುರಿಗೆ ನಿಂತರು. ಮಹಿಳೆಯೊಬ್ಬರು ನಿರ್ದೇಶಿಸಿದುದರಿಂದ ಅವರ ಸಿಟ್ಟಿಗೆ ಒಂದು ತೂಕವೂ ಬಂದಿತು. ವಿನೋದವು ಕಡಮೆಯಾದ ಕಡೆಯಲ್ಲಿ ರೋಷವು ಹೆಚ್ಚಾಯಿತು; ಅದನ್ನು ಕೇವಲ ನಷ್ಟವೆನ್ನಲಾಗದು.

'ಡೇರ್‌ಡೆವಿಲ್ ಮುಸ್ತಾಫಾ'ದ ವಿಷಯವು ಇದಕ್ಕಿಂತ ಭಿನ್ನ. ಹಿಂದೂ ಹುಡುಗರೇ ತುಂಬಿದ್ದ ಅಬಚೂರಿನ ಕಾಲೇಜಿನ ತರಗತಿಗೆ ಮುಸಲ್ಮಾನ ಹುಡುಗನೊಬ್ಬನು ಬಂದು ಸೇರುತ್ತಾನೆ. ಅವನನ್ನು ಬೇರೊಂದು ಲೋಕದಿಂದ ಬಂದ ಪ್ರಾಣಿಯಂತೆ ನೋಡುವ ಸಹಪಾಠಿಗಳ ಮೌಢ್ಯವೇ ಕಥೆಯ ಹಾಸ್ಯಕ್ಕೆ ಆಧಾರ. ಕಥೆಯನ್ನು ಹೇಳುವವನು ಆ ಸಹಪಾಠಿಗಳಲ್ಲಿ ಒಬ್ಬನು. ಆದುದರಿಂದ ಅವನ ನಗೆಯು ತನ್ನ ಬಳಗದ ಮೇಲೆಯೇ ಬೀಳುತ್ತದೆ. ಚಿತ್ರವು ಈ ಸಣ್ಣ ಕಥೆಯನ್ನು ಹಿಗ್ಗಿಸಿ, ರಾಮಾನುಜ ಅಯ್ಯಂಗಾರಿಯೆಂಬ ಪ್ರತಿಸ್ಪರ್ಧಿಯನ್ನು ಬೆಳೆಸಿ, ಕ್ರಿಕೆಟ್ ಪಂದ್ಯಕ್ಕೆ ದೊಡ್ಡ ಸ್ಥಾನವನ್ನು ಕೊಟ್ಟಿತು. ಕಥೆಯ ಲಾಘವವು ಹೋಯಿತೆಂದು ಕೆಲವರು ಹೇಳುವುದು ಸತ್ಯ. ಆದರೆ ಚಿತ್ರದಲ್ಲಿ ಎಲ್ಲಿಯೂ ಮುಸ್ತಾಫಾ ನಗೆಪಾಟಲಾಗುವುದಿಲ್ಲ. ನಗೆಯು ಬೀಳುವುದು ಅವನನ್ನು ನೋಡಿ ಬೆದರಿದವರ ಮೇಲೆ. ಅವರ ಮೇಲೆಯೂ ಅದು ಕ್ರೂರವಾಗಿ ಬೀಳುವುದಿಲ್ಲ. ನೂರು ಮಂದಿ ಓದುಗರ ಹಣವು ಮೂಲದ ಸಂಗತಿಗಳನ್ನು ಉಳಿಸಿಕೊಡಲಿಲ್ಲ. ಹಾಸ್ಯದ ದಿಕ್ಕನ್ನು ಉಳಿಸಿಕೊಟ್ಟಿತು. ಅದೇ ವರ್ಷ ಕರ್ನಾಟಕ ಸರಕಾರವು ಈ ಚಿತ್ರಕ್ಕೆ ತೆರಿಗೆಯ ವಿನಾಯಿತಿಯನ್ನು ಕೊಟ್ಟುದು ಅದರ ಸೌಹಾರ್ದದ ಆಶಯಕ್ಕಾಗಿ. ಸಾಹಿತ್ಯದ ದೃಷ್ಟಿಯಿಂದ ನೋಡಿದರೆ ಆ ಸೌಹಾರ್ದವು ಉಪದೇಶದಿಂದ ಬಂದುದಲ್ಲ, ನಗೆಯ ದಿಕ್ಕು ಸರಿಯಾಗಿದ್ದುದರಿಂದಲೇ ಬಂದುದು.

ಇನ್ನು ಎರಡನೆಯ ಆಕ್ಷೇಪವೆಂದರೆ ಮುಖ ಮತ್ತು ಮಾತಿನದು. ಉತ್ತರರಾಮಚರಿತದ ಮೊದಲನೆಯ ಅಂಕದಲ್ಲಿ ರಾಮಸೀತೆಯರು ತಮ್ಮ ವನವಾಸದ ಕಥೆಯನ್ನೇ ಬರೆದ ಚಿತ್ರಪಟಗಳನ್ನು ನೋಡುತ್ತಾರೆ. ಶೂರ್ಪಣಖಿಯ ಚಿತ್ರವನ್ನು ಕಂಡು ಸೀತೆಯು ಬೆದರುತ್ತಾಳೆ. ಇದು ಚಿತ್ರವಷ್ಟೇ ಎಂದು ರಾಮನು ಅವಳನ್ನು ಸಮಾಧಾನಪಡಿಸಬೇಕಾಗುತ್ತದೆ. ಹಾಗೆ ಹೇಳಿದ ರಾಮನೇ ಮುಂದಿನ ಪಟಗಳನ್ನು ಕಂಡು ಕಣ್ಣೀರಿಡುತ್ತಾನೆ. ಮೊದಲೇ ಅನುಭವಿಸಿದುದನ್ನು ಚಿತ್ರದಲ್ಲಿ ಕಂಡವರಿಗೆ ಅದು ಕೇವಲ ಚಿತ್ರವಾಗಿ ಉಳಿಯುವುದಿಲ್ಲವೆಂಬುದನ್ನು ಭವಭೂತಿಯು ಚೆನ್ನಾಗಿ ಬಲ್ಲನು. ಪುಸ್ತಕವನ್ನು ಓದಿಬಂದ ಪ್ರೇಕ್ಷಕನ ಸ್ಥಿತಿಯೂ ಇದೇ. ಅವನ ತಳಮಳವನ್ನು ಹಗುರವಾಗಿ ನೋಡಬಾರದು. ಆದರೆ ಅದನ್ನು ಚಿತ್ರದ ದೋಷವೆಂದು ದಾಖಲಿಸಲೂಬಾರದು.

ಮಾತಿನ ಸಂಗತಿಯು ಮಾತ್ರ ಈ ಜಿಲ್ಲೆಯವರಿಗೆ ಹೆಚ್ಚು ಹತ್ತಿರವಾದುದು. ಚಿಂತಾಮಣಿ, ಗೌರಿಬಿದನೂರುಗಳ ಎಷ್ಟೋ ಮನೆಗಳಲ್ಲಿ ಒಲೆಯ ಮುಂದೆ ತೆಲುಗು, ಪುಸ್ತಕದ ಮುಂದೆ ಕನ್ನಡ. ಇಂಥ ಮನೆಯ ಹುಡುಗನು ತೇಜಸ್ವಿಯವರ ಮಲೆನಾಡಿನ ಮಾತನ್ನು ಓದುವಾಗ ಅದಕ್ಕೆ ತನ್ನದೇ ಆದ ಉಚ್ಚಾರಣೆಯನ್ನು ಕೊಟ್ಟುಕೊಳ್ಳುತ್ತಾನೆ. ಆ ಉಚ್ಚಾರಣೆಯನ್ನು ಕೇಳಿ ನಗುವವರು ಅಲ್ಲಿ ಯಾರೂ ಇರುವುದಿಲ್ಲ. ಗಡಿಸೀಮೆಯ ಮಾತನ್ನೂ ಹಳ್ಳಿಯ ಮಾತನ್ನೂ ನಗೆಗಾಗಿಯೇ ಪಾತ್ರಗಳ ಬಾಯಿಗೆ ಹಾಕುವ ರೂಢಿಯು ಚಲಚ್ಚಿತ್ರಗಳಲ್ಲಿ ಹೊಸದಲ್ಲ. ಯಾವ ಮಾತನ್ನು ಕೇಳಿ ಚಿತ್ರಮಂದಿರವು ನಗುತ್ತದೋ ಆ ಮಾತನ್ನು ಮನೆಯಲ್ಲಿ ಆಡುವವನು ಆ ನಗೆಯಲ್ಲಿ ಸೇರಬೇಕೋ ಬಿಡಬೇಕೋ ತಿಳಿಯದೆ ಕುಳಿತಿರುತ್ತಾನೆ. ತೇಜಸ್ವಿಯವರು ಗ್ರಾಮ್ಯವಾದ ಮಾತನ್ನು ಧಾರಾಳವಾಗಿ ಬಳಸಿದರು. ಆದರೆ ಮಾತಿನ ರೂಪವನ್ನೇ ಹಾಸ್ಯದ ವಸ್ತುವಾಗಿ ಮಾಡಲಿಲ್ಲ. ಹಳ್ಳಿಯವನು ಹೇಳಿದ ಸಂಗತಿಯು ನಗೆಯನ್ನು ತರಬಹುದು. ಅವನು ಅದನ್ನು ಹಳ್ಳಿಯವನಂತೆ ಉಚ್ಚರಿಸಿದನೆಂಬುದು ನಗೆಗೆ ಕಾರಣವಾಗಕೂಡದು. ಈ ವಿವೇಕವನ್ನು ಉಳಿಸಿಕೊಂಡ ಚಿತ್ರವು ಎಷ್ಟು ಪುಟಗಳನ್ನು ಬಿಟ್ಟರೂ ಮೂಲಕ್ಕೆ ನಿಷ್ಠವಾದುದೇ.

ಹಾಗಾದರೆ ನಿರೂಪಕನ ಧ್ವನಿಯನ್ನು ಚಿತ್ರದಲ್ಲಿ ಉಳಿಸುವ ಬಗೆ ಹೇಗೆ? ಹಿನ್ನೆಲೆಯಲ್ಲಿ ಒಬ್ಬನಿಂದ ಓದಿಸುವುದು ಸುಲಭವಾದ ಉಪಾಯ. ಆಡಮ್ಸನ ಗ್ರಂಥದ ವಿಷಯದಲ್ಲಿ ಅದನ್ನು ಎಲ್ಲ ರೂಪಗಳಲ್ಲಿಯೂ ಮಾಡಿದರು. ರೇಡಿಯೋದಲ್ಲಿಯೂ ಧಾರಾವಾಹಿಯಲ್ಲಿಯೂ ಪೀಟರ್ ಜೋನ್ಸ್ ಎಂಬವನೂ, ಚಿತ್ರದಲ್ಲಿ ಸ್ಟೀಫನ್ ಫ್ರೈ ಎಂಬವನೂ ಆ ಧ್ವನಿಯಾದರು. ಆದರೆ ಓದಿದ ಮಾತ್ರಕ್ಕೆ ಧ್ವನಿಯು ಉಳಿದಂತಾಗಲಿಲ್ಲವೆಂಬುದಕ್ಕೆ ಅಭಿಮಾನಿಗಳ ಆಕ್ಷೇಪವೇ ಸಾಕ್ಷಿ. ಇನ್ನೊಂದು ಉಪಾಯವು ನೋಟದಲ್ಲಿಯೇ ಇದೆ. ಯಾರು ಯಾರನ್ನು ನೋಡುತ್ತಿದ್ದಾರೆ, ನಗೆಯ ಕ್ಷಣದಲ್ಲಿ ತೆರೆಯು ಯಾರ ಮುಖದ ಮೇಲೆ ನಿಲ್ಲುತ್ತದೆ ಎಂಬುದನ್ನು ಬಲ್ಲ ನಿರ್ದೇಶಕನಿಗೆ ನಿರೂಪಕನು ಬೇಕಾಗುವುದಿಲ್ಲ. ಮಂದಣ್ಣನು ತಪ್ಪುಮಾಡಿದಾಗ ಮಂದಣ್ಣನ ಮುಖವನ್ನು ತೋರಿಸಿದರೆ ಒಂದು ಹಾಸ್ಯ. ಅವನನ್ನು ದಡ್ಡನೆಂದು ತೀರ್ಮಾನಿಸಿದವನ ಮುಖವನ್ನು ತೋರಿಸಿದರೆ ಇನ್ನೊಂದು ಹಾಸ್ಯ. ಎರಡನೆಯದು ತೇಜಸ್ವಿಯವರದು.

ವಾಚಕರೂ ತಮ್ಮ ದೂರನ್ನು ಸ್ವಲ್ಪ ಶೋಧಿಸಿಕೊಳ್ಳುವುದು ಒಳ್ಳೆಯದು. ಬಿಟ್ಟುಹೋದ ಪ್ರಸಂಗಗಳ ಪಟ್ಟಿಯನ್ನು ಮಾಡುವುದರಿಂದ ಗ್ರಂಥಕ್ಕೆ ಸೇವೆಯು ಸಲ್ಲುವುದಿಲ್ಲ. ಗ್ರಂಥವು ಕಪಾಟಿನಲ್ಲಿ ಮೊದಲಿನಂತೆಯೇ ಇದೆ, ಅದರ ಒಂದಕ್ಷರವನ್ನೂ ಯಾವ ಚಿತ್ರವೂ ಅಳಿಸಲಿಲ್ಲ. ಚಿತ್ರವನ್ನು ನೋಡಿಬಂದ ಮಕ್ಕಳ ಕೈಗೆ ಅದೇ ವಾರ ಆ ಪುಸ್ತಕವನ್ನು ಕೊಟ್ಟು, ಎಲ್ಲಿ ನಕ್ಕಿರಿ, ಯಾರನ್ನು ನೋಡಿ ನಕ್ಕಿರಿ ಎಂದು ಕೇಳಿದರೆ ಅದು ದೂರಿಗಿಂತ ಹೆಚ್ಚಿನ ಸೇವೆ. ಎರಡು ನಗೆಗಳ ಭೇದವನ್ನು ಹನ್ನೆರಡು ವರ್ಷದ ಹುಡುಗಿಯೂ ಹೇಳಬಲ್ಲಳು.

'ಜುಗಾರಿ ಕ್ರಾಸ್' ಚಿತ್ರವಾಗುವುದೆಂಬ ಸುದ್ದಿಯು ಹಲವು ಸಲ ಕೇಳಿಬಂದಿದೆ. 'ಕರ್ವಾಲೊ'ವನ್ನು ತೆರೆಗೆ ತರುವ ಆಸೆಯು ಯಾರ ಮನಸ್ಸಿನಲ್ಲಿ ಹುಟ್ಟಿದರೂ ಆಶ್ಚರ್ಯವಿಲ್ಲ. ಇಂದಿನ ಯಂತ್ರಗಳಿಗೆ ಹಾರುವ ಓತಿಯನ್ನು ಮಾಡಿ ತೋರಿಸುವುದು ಅಸಾಧ್ಯವಲ್ಲ. ಅದರ ಚರ್ಮದ ಒಂದೊಂದು ಹುರುಪೆಯನ್ನೂ ಎಣಿಸುವಂತೆ ತೋರಿಸಬಹುದು. ಆದರೆ ಕಾದಂಬರಿಯ ಕೊನೆಯಲ್ಲಿ ಆ ಪ್ರಾಣಿಯು ಯಾರ ಕೈಗೂ ಸಿಗದೆ ಪ್ರಪಾತದ ಆಚೆಗೆ ತೇಲಿಹೋಗುತ್ತದೆ. ಹಿಡಿಯಹೋದವರು, ವಿಜ್ಞಾನಿಯೂ ಹಳ್ಳಿಯವನೂ, ಬರಿಗೈಯಲ್ಲಿ ಒಂದೇ ಅಂಚಿನಲ್ಲಿ ನಿಂತಿರುತ್ತಾರೆ. ಆ ಕ್ಷಣದಲ್ಲಿ ಮಂದಣ್ಣನಿಗೂ ಕರ್ವಾಲೊವಿಗೂ ಭೇದವಿಲ್ಲ. ನಗುವವನಿಗೂ ನಗೆಗೀಡಾದವನಿಗೂ ಭೇದವಿಲ್ಲ. ಮುಂದೆ ಚಿತ್ರವನ್ನು ಮಾಡುವವರು ಓತಿಯನ್ನು ಎಷ್ಟಾದರೂ ಚೆನ್ನಾಗಿ ಹಾರಿಸಲಿ. ಆ ಅಂಚಿನ ಮೇಲೆ ಎಲ್ಲರನ್ನೂ ಸಮನಾಗಿ ನಿಲ್ಲಿಸಿದರೆ ಯಾವ ವಾಚಕನೂ ದೂರನು.